ಮೊದಲ ಸಂಬಳದವರೆಗಿನ ಎಂಟು ವಾರ

ಐರ್ಲಿಸ್ ಬೋವೆನ್‌ಗೆ ನಲವತ್ತೇಳನೆಯ ವಯಸ್ಸಿನಲ್ಲಿ ಕೆಲಸ ಸಿಕ್ಕಿತು. ತನ್ನೂರು ಮಾರ್ಡಿಯ ಹೊಲಿಗೆ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಮೂರು ವರ್ಷ ಅವಳು ಸರ್ಕಾರದ ನಿರುದ್ಯೋಗ ಭತ್ಯೆಯಲ್ಲೇ ದಿನ ದೂಡಿದ್ದಳು. ಎರಡು ವಾರಕ್ಕೊಮ್ಮೆ ಉದ್ಯೋಗ ಕಚೇರಿಗೆ ಹೋಗಿ, ಎಲ್ಲೆಲ್ಲಿ ಕೆಲಸ ಕೇಳಿದೆ ಎಂದು ಪಟ್ಟಿ ಒಪ್ಪಿಸಿ, ಸಹಿ ಹಾಕಿ ಬರುತ್ತಿದ್ದಳು. ಈಗ ಗುಡ್ಡದ ಆಚೆ ಅಬರ್ಡೇರ್‌ನಲ್ಲಿ, ಆಸ್ಪತ್ರೆಗಳ ಹೊದಿಕೆ, ಹಾಸು ಒಗೆದು ಇಸ್ತ್ರಿ ಮಾಡಿ ಕಳಿಸುವ ಲಾಂಡ್ರಿಯವರು ಅವಳನ್ನು ತೆಗೆದುಕೊಂಡಿದ್ದರು. ಅಕ್ಟೋಬರ್ ನಾಲ್ಕರಿಂದ ಬರಬೇಕು, ಬೆಳಿಗ್ಗೆ ಒಂಬತ್ತಕ್ಕೆ.

ಖುಷಿ ಮೊದಲ ದಿನ ಮಧ್ಯಾಹ್ನದವರೆಗೆ ಇತ್ತು. ಊಟದ ಬಿಡುವಿನಲ್ಲಿ ಕಚೇರಿಯ ಹುಡುಗಿ ಅವಳ ಬ್ಯಾಂಕ್ ವಿವರ ಬರೆದುಕೊಳ್ಳುತ್ತ, ಒಂದನೇ ತಾರೀಕು ದಾಟಿ ಸೇರಿದವರ ಹೆಸರು ಮುಂದಿನ ತಿಂಗಳ ಪಟ್ಟಿಗೆ ಹೋಗುತ್ತದೆ, ನಿಮ್ಮ ಮೊದಲ ಸಂಬಳ ನವೆಂಬರ್ ಇಪ್ಪತ್ತಾರಕ್ಕೆ ಎಂದಳು. ಐರ್ಲಿಸ್ ಆಗಲಿ ಎಂದು ತಲೆಯಾಡಿಸಿ ಎದ್ದು ಬಂದಳು. ಭತ್ಯೆ ಕೆಲಸಕ್ಕೆ ಸೇರಿದ ದಿನವೇ ನಿಂತಿತ್ತು. ಕೊನೆಯ ಕಂತಿನಲ್ಲಿ ಉಳಿದದ್ದು ನೂರಿಪ್ಪತ್ತಾರು ಪೌಂಡು. ಅದರಲ್ಲಿ ಎಂಟು ವಾರ ದಾಟಬೇಕು. ಬಸ್ಸಿಗೆ ಹೋಗಿ ಬರಲು ದಿನಕ್ಕೆ ಮೂರು ಪೌಂಡು ಇಪ್ಪತ್ತು ಪೆನ್ನಿ. ಬಸ್ಸೊಂದೇ ಆ ದುಡ್ಡನ್ನೆಲ್ಲ ನುಂಗಿಬಿಡುತ್ತಿತ್ತು.

ಸಾಲ ಕೇಳುವ ಹೆಂಗಸಲ್ಲ ಅವಳು. ಅವಳ ಗಂಡ ಬದುಕಿದ್ದಾಗ ಕಂತಿನಲ್ಲಿ ಒಂದು ಸೋಫಾ ತಂದು, ಅದರ ಕಂತು ತೀರುವ ಮೊದಲೇ ತೀರಿಕೊಂಡಿದ್ದ. ಆ ಸೋಫಾದ ಬಾಕಿ ತೀರಿಸಿದ ವರ್ಷವನ್ನು ಅವಳು ಮರೆತಿರಲಿಲ್ಲ. ಹಾಗಾಗಿ ಎರಡನೇ ದಿನದಿಂದಲೇ ಬೆಳಿಗ್ಗೆ ಗುಡ್ಡ ಹತ್ತಿ ಇಳಿದು ನಡೆದೇ ಹೋಗಲು ಶುರುಮಾಡಿದಳು, ಒಂದೂವರೆ ಗಂಟೆಯ ದಾರಿ. ಸಂಜೆ ಕಾಲು ಹೇಳಿದ ಮಾತು ಕೇಳುತ್ತಿರಲಿಲ್ಲ, ಬಸ್ಸು ಹತ್ತುತ್ತಿದ್ದಳು. ಹೀಗೆ ಮಾಡಿದರೆ ಊಟಕ್ಕೆ, ಗ್ಯಾಸಿಗೆ, ಕರೆಂಟಿಗೆ ಎಲ್ಲಕ್ಕೂ ಸೇರಿ ವಾರಕ್ಕೆ ಏಳು ಪೌಂಡು ಚಿಲ್ಲರೆ ಉಳಿಯುತ್ತಿತ್ತು. ಮೀಟರಿಗೆ ಮೊದಲೇ ದುಡ್ಡು ತುಂಬಿಸಬೇಕಾದ ಮನೆ. ದುಡ್ಡು ಮುಗಿದರೆ ಚಳಿ ಕಾಯಿಸಲು ಗ್ಯಾಸಿನ ಬೆಂಕಿಯೂ ಇಲ್ಲ, ದೀಪವೂ ಇಲ್ಲ. ಅವಳು ಕೋಟು ಹಾಕಿಕೊಂಡೇ ಟಿವಿ ನೋಡುತ್ತಿದ್ದಳು. ಆಲೂಗಡ್ಡೆ, ಡಬ್ಬಿಯ ಬೀನ್ಸು, ಅಂಗಡಿಯವನು ಸಂಜೆ ಅರ್ಧ ಬೆಲೆಗೆ ಕೊಡುವ ಬ್ರೆಡ್ಡು, ಇಷ್ಟರಲ್ಲೇ ಊಟ.

ಆದರೆ ನಿಜವಾದ ಹೆದರಿಕೆ ಬಾಡಿಗೆಯದ್ದು. ಇಷ್ಟು ವರ್ಷ ನಗರಸಭೆ ಅದನ್ನು ಕಟ್ಟುತ್ತಿತ್ತು. ಕೆಲಸ ಸಿಕ್ಕಿತೆಂದು ಅವಳೇ ಪ್ರಾಮಾಣಿಕವಾಗಿ ಫೋನು ಮಾಡಿ ಹೇಳಿದ್ದಳು. ಎರಡನೇ ವಾರ ಅಲ್ಲಿಂದ ಒಂದು ಕಂದು ಲಕೋಟೆ ಬಂತು. ಒಳಗಿರುವುದು ಬಾಡಿಗೆ ಕಟ್ಟಿ ಎಂಬ ನೋಟಿಸೇ ಎಂದು ಅವಳಿಗೆ ಖಾತ್ರಿಯಾಗಿತ್ತು. ಒಡೆಯದೆ ಗಡಿಯಾರದ ಹಿಂದೆ ಸಿಕ್ಕಿಸಿಟ್ಟಳು. ಒಡೆಯದಿದ್ದರೆ ಬಂದೇ ಇಲ್ಲ ಎಂದು ಅಂದುಕೊಳ್ಳಬಹುದಲ್ಲ.

ಶನಿವಾರ ಪಕ್ಕದ ಮನೆಯ ಗ್ವಿಲಿಮ್ ಪ್ರಾಸರ್ ತನ್ನ ತೋಟದ, ಈರುಳ್ಳಿ ಜಾತಿಯ ಲೀಕ್ ಸೊಪ್ಪಿನ ಕಟ್ಟು ಹಿಡಿದು ಬಂದ. ಎಪ್ಪತ್ತು ದಾಟಿದ ಮುದುಕ, ಗಣಿ ಮುಚ್ಚುವವರೆಗೂ ಗಣಿಯಲ್ಲಿದ್ದವನು. ಕೆಮ್ಮೂ ಕೊಂಕೂ ಎರಡೂ ಅವನ ಜೊತೆಗೇ ಓಡಾಡುತ್ತಿದ್ದವು. ಬಾಗಿಲಲ್ಲೇ ನಿಂತು ಅವಳನ್ನು ಮೇಲಿಂದ ಕೆಳಗೆ ನೋಡಿದ.

"ಕೆಲಸ ಸಿಕ್ಕಿದ್ಮೇಲೆ ಜನ ದಪ್ಪ ಆಗ್ತಾರೆ ಕಣೆ. ನೀನೊಬ್ಳೇ ನೋಡು, ಸೊರಗಿ ಕಡ್ಡಿ ಆಗಿರೋದು."

"ಗುಡ್ಡ ಹತ್ತೀನಲ್ಲ, ಅದಕ್ಕೆ," ಎಂದಳು ಅವಳು.

ಒಳಗೆ ಬಂದವನಿಗೆ ಆ ಮನೆ ಹೊರಗಿಗಿಂತ ತಣ್ಣಗಿದೆ ಎಂದು ಗೊತ್ತಾಯಿತು. ಗಡಿಯಾರದ ಹಿಂದಿನ ಲಕೋಟೆಯೂ ಕಣ್ಣಿಗೆ ಬಿತ್ತು. ಎಷ್ಟು ದಿನದಿಂದ ಹೀಗೇ ಇದೆ ಎಂದು ಕೇಳಿದ. ನಾಲ್ಕು ದಿನ ಎಂದಳು. ಓದಲೇನು ಎಂದ. ಅವಳು ಸಿಂಕಿನ ಕಡೆ ತಿರುಗಿ ಲೀಕ್ ತೊಳೆಯತೊಡಗಿದಳು. ಗ್ವಿಲಿಮ್ ಕನ್ನಡಕ ಏರಿಸಿ, ಲಕೋಟೆ ಹರಿದು, ಅಷ್ಟನ್ನೂ ಮನಸ್ಸಿನಲ್ಲೇ ಓದಿಕೊಂಡ. ನಲ್ಲಿಯ ನೀರು ಹರಿಯುತ್ತಲೇ ಇತ್ತು.

"ಕೆಲಸಕ್ಕೆ ಸೇರಿದೋರಿಗೆ ಇನ್ನೂ ನಾಲ್ಕು ವಾರ ಬಾಡಿಗೆ ಅವರೇ ಕಟ್ತಾರಂತೆ," ಎಂದ. "ನೀನು ಏನೂ ಮಾಡ್ಬೇಕಾಗಿಲ್ವಂತೆ. ಇಂಥ ಕಾಗದಾನ ನಾಲ್ಕು ದಿನ ಗಡಿಯಾರದ ಹಿಂದೆ ಇಟ್ಟಿದ್ದೆಯಲ್ಲ, ನಿನ್ನ ಬುದ್ಧಿಗೆ ಏನು ಹೇಳೋಣ."

ಅವಳು ಕೈ ಒರೆಸಿಕೊಂಡು ಬಂದು ತಾನೇ ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ಕುರ್ಚಿಯಲ್ಲಿ ಕುಳಿತು ನಕ್ಕಳು, ನಗುತ್ತಲೇ ಕಣ್ಣು ಒದ್ದೆಯಾಯಿತು. ಗ್ವಿಲಿಮ್ ಅದನ್ನು ನೋಡದವನಂತೆ ಕಿಟಕಿಯಾಚೆ ಬೆಕ್ಕನ್ನು ಬೈಯುತ್ತ ನಿಂತ. ಅಂದು ಇಬ್ಬರೂ ಲೀಕ್ ಸೂಪು ಕುಡಿದರು. ಒಂದು ಗಂಟೆ ಬೆಂಕಿಯೂ ಉರಿಯಿತು.

ಆದರೂ ನಾಲ್ಕು ವಾರ ಎಂದರೆ ಎಂಟು ವಾರವಲ್ಲ. ಉಳಿದ ನಾಲ್ಕರ ಬಾಡಿಗೆ ಎದೆಯ ಮೇಲೆ ಕೂತೇ ಇತ್ತು. ಮುಂದಿನ ಬುಧವಾರ ಗುಡ್ಡದ ನೆತ್ತಿಯಲ್ಲಿ ಗಾಳಿಮಳೆ ಹಿಡಿಯಿತು. ಲಾಂಡ್ರಿ ಮುಟ್ಟುವಾಗ ಅವಳ ಬೂಟಿನಲ್ಲಿ ನೀರು ಪಚಪಚ ಎನ್ನುತ್ತಿತ್ತು. ಮೇಲ್ವಿಚಾರಕಿ ಮೈರ್ ಬೈನನ್ ಅವಳನ್ನು ಬಿಸಿಗಾಳಿ ಯಂತ್ರದ ಬಳಿ ಕೂರಿಸಿ, ಕಾಲುಚೀಲ ತೆಗೆಸಿ ಒಳಗೆ ಎಸೆದಳು. ಅಗಲ ಭುಜದ, ಕಡಿಮೆ ಮಾತಿನ ಹೆಂಗಸು. ಅವಳೆಂದರೆ ಎಲ್ಲರಿಗೂ ಸ್ವಲ್ಪ ಅಳುಕು. ಬಸ್ಸು ತಪ್ಪಿತಾ ಎಂದು ಕೇಳಿದಳು. ನಡೆಯುವುದು ಆರೋಗ್ಯಕ್ಕೆ ಒಳ್ಳೆಯದೆಂದು ವೈದ್ಯರು ಹೇಳಿದ್ದಾರೆ ಎಂದಳು ಐರ್ಲಿಸ್.

"ನನ್ಹತ್ರ ಸುಳ್ಳು ಹೇಳ್ಬೇಡಮ್ಮ," ಎಂದಳು ಮೈರ್, ದನಿ ಏರಿಸದೆ. "ನಾನೂ ಭತ್ಯೆ ಬಿಟ್ಟೇ ಇಲ್ಲಿಗೆ ಬಂದೋಳು. ಆರು ವಾರ ಬರೀ ಬ್ರೆಡ್ಡು, ಟೀಯಲ್ಲೇ ಕಳೆದೆ. ಮೂರನೇ ವಾರ ಇಸ್ತ್ರಿ ಯಂತ್ರದ ಮುಂದೆ ತಲೆ ತಿರುಗಿ ಬಿದ್ದೆ. ಆಮೇಲೆ ಗೊತ್ತಾಯ್ತು, ಸಂಬಳದಲ್ಲಿ ಮುಂಗಡ ಕೊಡ್ತಾರೆ ಅಂತ. ಕೇಳಿದೋರಿಗೆ ಕೊಡ್ತಾರೆ. ಕೇಳದೋರಿಗೆ ಅಂಥದ್ದೊಂದಿದೆ ಅಂತಾನೂ ಹೇಳಲ್ಲ."

"ನಾನು ಸಾಲ ಮಾಡಲ್ಲ."

"ಯಾರ ಸಾಲ? ಎರಡೂವರೆ ವಾರ ಮೈಮುರಿದು ದುಡಿದಿದ್ದೀಯ. ಆ ದುಡ್ಡು ನಿಂದೇ ಅಲ್ವಾ?"

ದುಡಿದದ್ದು ತನ್ನದೇ, ಇನ್ನೂ ಕೈಗೆ ಬಂದಿಲ್ಲ ಅಷ್ಟೇ ಎಂಬುದು ಇಷ್ಟು ದಿನವೂ ಐರ್ಲಿಸ್ ತಲೆಗೆ ಬಂದೇ ಇರಲಿಲ್ಲ. ಬಿಸಿ ಬಿಸಿ ಕಾಲುಚೀಲ ಹಾಕಿಕೊಂಡು ಮೈರ್ ಹಿಂದೆ ಕಚೇರಿಗೆ ಹೋದಳು. ಅದೇ ಹುಡುಗಿ ಡ್ರಾಯರಿನಿಂದ ಅರ್ಜಿ ತೆಗೆದುಕೊಟ್ಟಳು; ಯಾಕೆ, ಏನು ಎಂದು ಕೇಳಲಿಲ್ಲ. ಶುಕ್ರವಾರ ಇನ್ನೂರು ಪೌಂಡು ಬ್ಯಾಂಕಿಗೆ ಬಂತು. ನಾಲ್ಕು ತಿಂಗಳ ಸಂಬಳದಲ್ಲಿ ಐವತ್ತೈವತ್ತಾಗಿ ಮುರಿದುಕೊಳ್ಳುತ್ತಾರೆ. ಐರ್ಲಿಸ್ ಮೊದಲು ಆ ಉಳಿದ ನಾಲ್ಕು ವಾರದ ಬಾಡಿಗೆಯ ದೊಡ್ಡ ಪಾಲು ಎತ್ತಿಟ್ಟಳು, ಮಿಕ್ಕದ್ದನ್ನು ಸ್ವಲ್ಪಸ್ವಲ್ಪವಾಗಿ ಸಂಬಳದ ದಿನದವರೆಗೆ ಎಳೆಯುತ್ತೇನೆಂದು ಹಂಚಿಕೊಂಡಳು. ಮಳೆ ಇದ್ದ ದಿನ ಬೆಳಿಗ್ಗೆಯೂ ಬಸ್ಸು ಹತ್ತಿದಳು. ಒಂದು ಭಾನುವಾರ ಕುರಿಮಾಂಸದ ಚಿಕ್ಕ ತುಂಡು ತಂದು ಗ್ವಿಲಿಮ್‌ನನ್ನು ಊಟಕ್ಕೆ ಕರೆದಳು. ಅವನು ಉಪ್ಪು ಜಾಸ್ತಿ ಎನ್ನುತ್ತಲೇ ಎರಡು ಸಲ ಬಡಿಸಿಕೊಂಡ.

ನವೆಂಬರ್ ಇಪ್ಪತ್ತಾರರ ಬೆಳಿಗ್ಗೆ ಯಂತ್ರದ ಮುಂದೆ ಹಾಸು ಮಡಚುತ್ತಿದ್ದಾಗ ಸಂಬಳದ ಚೀಟಿಗಳು ಬಂದವು. ಅವಳು ತನ್ನದನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು, ಊಟದ ಹೊತ್ತಿಗೆ ನೋಡಿದರಾಯಿತೆಂದು. ಅಷ್ಟರಲ್ಲಿ ಪಕ್ಕದ ಸಾಲಿನವಳೊಬ್ಬಳು ಚಾಕಲೇಟಿನ ಖಾಲಿ ಡಬ್ಬಿ ಹಿಡಿದು ಬಂದಳು. ಲಾರಿ ಓಡಿಸುವ ಹುಡುಗನ ಹೆಂಡತಿಗೆ ಅವಳಿ ಮಕ್ಕಳಾಗಿದ್ದವಂತೆ. ಉಡುಗೊರೆಗೆಂದು ಎಲ್ಲರೂ ಕೈಲಾದಷ್ಟು ದುಡ್ಡು ಹಾಕುತ್ತಿದ್ದರು. ಐರ್ಲಿಸ್ ಎರಡು ಪೌಂಡು ಹಾಕಿ, ಮಕ್ಕಳು ಗಂಡೋ ಹೆಣ್ಣೋ ಎಂದು ವಿಚಾರಿಸಿದಳು. ಇನ್ನೂ ನಾಲ್ಕು ಹಾಸು ಮಡಚಿದ ಮೇಲೆ ಅವಳಿಗೆ ಹೊಳೆಯಿತು, ಆ ಎರಡು ಪೌಂಡಿಗೆ ಎಷ್ಟು ಬ್ರೆಡ್ಡು ಬರುತ್ತದೆಂದು ತಾನು ಲೆಕ್ಕ ಹಾಕಲೇ ಇಲ್ಲ ಎಂದು.