ಕಂಟ್ರೋಲಕ್ಕನ ಜಾಲ

ಊರಿನವರು ಅವಳನ್ನು ಕಂಟ್ರೋಲಕ್ಕ ಎಂದೇ ಕರೆಯುತ್ತಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಯುಷ್ಯ ಸವೆಸಿ ನಿವೃತ್ತಳಾದ ಮೇಲೂ ಕಿವಿಗೆ ಹೆಡ್‌ಫೋನ್ ಇಲ್ಲದೆ ಇರಲಾರದವಳು. ಹವ್ಯಾಸಿಗಳ ಹ್ಯಾಮ್ ರೇಡಿಯೋ ಪರೀಕ್ಷೆ ಪಾಸು ಮಾಡಿ, ಅದೇ ಹುಚ್ಚಿನ ಇನ್ನಷ್ಟು ಜನರನ್ನು ಸೇರಿಸಿಕೊಂಡು, ಎಲ್ಲ ಫೋನುಗಳೂ ಸತ್ತ ದಿನ ಸುದ್ದಿ ಸಾಗಿಸಲೆಂದು ಒಂದು ವೈರ್‌ಲೆಸ್ ಜಾಲ ಕಟ್ಟಿದ್ದಳು. ಅಲ್ಲಿ ಎಲ್ಲರೂ ಕೇಳಬಹುದು, ಆದರೆ ಒಬ್ಬರೇ ಮಾತಾಡಬೇಕು. ಆ ಒಬ್ಬರು ಯಾರೆಂದು ಹೇಳುವವಳು ಅವಳು. ಮನೆಯಲ್ಲೂ ಗಂಡ ಮಾತು ಮುಗಿಸಿ "ಓವರ್" ಅನ್ನದಿದ್ದರೆ ಉತ್ತರ ಸಿಗುವುದಿಲ್ಲ ಎಂದು ಜನ ನಗುತ್ತಿದ್ದರು. ಗಂಡನೂ ಅದನ್ನು ಅಲ್ಲಗಳೆಯುತ್ತಿರಲಿಲ್ಲ.

ಜಾಲದಲ್ಲಿ ಸಂದೇಶಕ್ಕೆ ಮೂರು ದರ್ಜೆ. ಜೀವ ಹೋಗುವಂತಿದ್ದರೆ ‘ತುರ್ತು’, ಅದಕ್ಕಿಂತ ಕೆಳಗಿನದು ‘ಮುಖ್ಯ’, ಬಂಧುಬಳಗದ ವಿಚಾರಣೆಗೆ ‘ಕ್ಷೇಮ’. ತುರ್ತು ಎಂದವರಿಗೆ ಉಳಿದವರೆಲ್ಲ ದಾರಿ ಬಿಡಬೇಕು. ದರ್ಜೆ ಯಾವುದೆಂದು ಹೇಳುವುದು ಸಂದೇಶ ಕೊಡುವವರ ಕೆಲಸ, ಆಪರೇಟರ್ ಅದರಲ್ಲಿ ಒಂದಕ್ಷರ ಬದಲಿಸುವಂತಿಲ್ಲ. "ಕಾಯಿರಿ" ಎಂದರೆ ಕರೆಯುವ ತನಕ ತುಟಿ ಬಿಚ್ಚುವಂತಿಲ್ಲ. ಈ ಕಟ್ಟಳೆಗಳನ್ನೆಲ್ಲ ಮಾಡಿದವಳು ಅವಳೇ, ಆ ಬಗ್ಗೆ ಅವಳಿಗೆ ಹೆಮ್ಮೆಯೂ ಇತ್ತು.

ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಅವಳ ತಮ್ಮ ಒಮ್ಮೆ ಅಭ್ಯಾಸದ ನಡುವೆ, ಬ್ಯಾಟರಿ ಇಳಿಯುತ್ತಿದೆ ಎಂದು ಗಾಬರಿಬಿದ್ದು "ತುರ್ತು, ತುರ್ತು" ಎಂದುಬಿಟ್ಟ. ಎಲ್ಲ ಸ್ಟೇಷನ್ನುಗಳೂ ಕೇಳುವಂತೆ ಅವಳು ಅವನ ನೀರಿಳಿಸಿದಳು.

"ಯಾರ ಜೀವ ಹೋಗ್ತಿತ್ತೋ? ಬಾಯಿಗೆ ಬಂದ ಹಾಗೆ ಆ ಮಾತು ಆಡೋದಾದ್ರೆ ಅಂಗಡೀಲೇ ಕೂತ್ಕೋ."

ತಮ್ಮನ ಮುಖ ಚಿಕ್ಕದಾಗಿರಬೇಕು. ವೈರ್‌ಲೆಸ್ಸಿನಲ್ಲಿ ಮುಖ ಕಾಣುವುದಿಲ್ಲವಲ್ಲ.

ಆ ವರ್ಷ ನದಿ ಉಕ್ಕಿ ಸೇತುವೆ ಕೊಚ್ಚಿಹೋಯಿತು, ಮೊಬೈಲ್ ಟವರ್ ಉರುಳಿತು. ಕಂಟ್ರೋಲಕ್ಕ ಸರ್ಕಾರಿ ಕಚೇರಿಯ ಮೇಲಿನ ಮಹಡಿಯಲ್ಲಿ, ಹಳೆಯ ಬೀರುಗಳ ಸಂದಿಯಲ್ಲಿ ಮೇಜು ಹಾಕಿಸಿ, ಕಿಟಕಿಯಿಂದ ತಂತಿ ಎಳೆಸಿ, ಕಾರಿನ ಬ್ಯಾಟರಿಗೆ ಸೆಟ್ಟು ಜೋಡಿಸಿ ಕೂತಳು. ತಮ್ಮನ ಪಾಲಿಗೆ ಬಂದದ್ದು ಆಚೆ ದಡದ ಶಾಲೆ. ಸುತ್ತ ನೀರು, ಒಳಗೆ ಆಶ್ರಯ ಪಡೆದ ಜನ. ಅವರಿಗೆ ಗಂಜಿ ಕಾಯಿಸಿ ಹಾಕಲು ಅವನ ಹೆಂಡತಿಯೂ ಹೋಗಿದ್ದಳು.

ಮಧ್ಯಾಹ್ನದ ಹೊತ್ತಿಗೆ ಕಚೇರಿಯ ಸಾಹೇಬರು ಮೆಟ್ಟಿಲು ಹತ್ತಿ ಬಂದರು. ನೆರೆ ನೋಡಲು ಮೇಲಿನವರು ಯಾರೋ ಹೆಲಿಕಾಪ್ಟರಿನಲ್ಲಿ ಬರುವವರಿದ್ದರು. ಎಲ್ಲಿ ಇಳಿಯಬೇಕು, ಶಾಮಿಯಾನ ಎಲ್ಲಿ, ಕುರ್ಚಿಗಳಿಗೆ ಯಾವ ಬಟ್ಟೆ, ಮೊದಲು ಯಾರು ಕೈಮುಗಿಯಬೇಕು ಎಂದೆಲ್ಲ ಬರೆದ ಹಾಳೆಯ ನೆತ್ತಿಯ ಮೇಲೆ ಕೆಂಪು ಶಾಯಿಯಲ್ಲಿ ‘ತುರ್ತು’ ಎಂದಿತ್ತು.

"ಸಾರ್, ಇದು ತುರ್ತು ಅಲ್ಲ," ಎಂದಳು.

"ದರ್ಜೆ ಹೇಳೋದು ಸಂದೇಶ ಕೊಡೋರು ಅಂತ ನೀವೇ ಅಲ್ವಾ ಮೀಟಿಂಗಲ್ಲಿ ಪಾಠ ಮಾಡಿದ್ದು? ಓದ್ರಿ."

ತಾನೇ ಹೆಣೆದ ಹಗ್ಗ ತನ್ನ ಕೊರಳಿಗೆ ಬಂದಿತ್ತು. ಹಾಳೆ ಮಡಚಿ ಪಕ್ಕಕ್ಕಿಡಬಹುದಿತ್ತು. ಇಡಲಿಲ್ಲ. ಓದಲು ಬಾಯಿ ತೆರೆಯುವಷ್ಟರಲ್ಲಿ ತಮ್ಮನ ದನಿ ಬಂತು.

"ಶಾಲೆ ಸ್ಟೇಷನ್. ಮುಖ್ಯ ಸಂದೇಶ ಇದೆ. ಓವರ್."

ದನಿಯಲ್ಲಿ ಗಾಬರಿ ಇರಲಿಲ್ಲ.

"ಶಾಲೆ, ಕಾಯಿರಿ. ತುರ್ತು ಸಂದೇಶ ಹೋಗ್ತಿದೆ. ಓವರ್."

"ಕಾಯ್ತೀನಿ. ಓವರ್."

ಅವಳು ಕುರ್ಚಿಯ ಬಟ್ಟೆ ಓದಿದಳು. ಗೊರಗೊರ ಸದ್ದಿನಲ್ಲಿ, ಹೆಲಿಕಾಪ್ಟರ್ ಇಳಿಯುವ ಕಡೆಯ ಸ್ಟೇಷನ್ನಿನವನಿಗೆ ಕೇಳಿಸಲಿಲ್ಲ. ಅಕ್ಷರಕ್ಷರ ಬಿಡಿಸಿ ಮತ್ತೆ ಓದಿದಳು, ಅವನು ತಿರುಗಿ ಒಪ್ಪಿಸಿದ. ಸಾಹೇಬರು ಬೆನ್ನ ಹಿಂದೆ ನಿಂತು, "ಬಿಳಿ ಬಟ್ಟೆ ಅಂತ ಒತ್ತಿ ಹೇಳಿ, ಹೋದ ಸಲ ಹಳದಿ ಹಾಕಿ ಮಾನ ಕಳೆದ್ರು," ಎಂದರು. ಅದನ್ನೂ ಸೇರಿಸಿ ಕಳಿಸಿದಳು. ಆ ಹಾಳೆ ಮುಗಿಯುವಷ್ಟರಲ್ಲಿ ಸಾಹೇಬರಿಗೆ ತಂದುಕೊಟ್ಟ ಚಹಾ ತಣ್ಣಗಾಗಿ, ಇನ್ನೊಂದು ಬಂದಿತ್ತು.

"ಶಾಲೆ, ನಿಮ್ಮ ಸಂದೇಶ ಹೇಳಿ. ಓವರ್."

ಮೊದಲು ಗೊರಗೊರ ಸದ್ದು. ಆಮೇಲೆ ಅದೇ ಸಮಾಧಾನದ ದನಿ.

"ಸಂದೇಶ ರದ್ದು. ಓವರ್."

"ರದ್ದು, ಸರಿ," ಎಂದು ಅವಳು ಮುಂದಿನ ಸ್ಟೇಷನ್ ಕರೆದಳು. ಏನು ಬೇಕಿತ್ತೋ ಅದು ತಾನಾಗಿಯೇ ಸಿಕ್ಕಿರಬೇಕು, ಸದ್ಯ, ಎಂದುಕೊಂಡಳು. ತಮ್ಮ ಇಷ್ಟು ಚೆನ್ನಾಗಿ ಕಲಿತನಲ್ಲ ಎಂದು ಸಂತೋಷವೂ ಆಯಿತು.

ಶಾಲೆಯ ಹಿಂಬದಿ ಗೋಡೆ ಬಿರುಕು ಬಿಟ್ಟಿದೆ, ದೋಣಿ ಕಳಿಸಿ ಎನ್ನುವುದೇ ಆ ಸಂದೇಶ. ದೋಣಿಗಳು ಈ ದಡದಲ್ಲಿ, ಕಚೇರಿಯ ಕೆಳಗೇ ಕಟ್ಟಿಹಾಕಿದ್ದವು. ಅವನು ಕಾಯುತ್ತಿದ್ದಾಗಲೇ ಗೋಡೆ ಕುಸಿಯಿತು, ಅಡಿಯಲ್ಲಿ ಸಿಕ್ಕವರಲ್ಲಿ ಒಬ್ಬರೂ ಉಳಿಯಲಿಲ್ಲ, ಇನ್ನು ದೋಣಿ ಕೇಳಿ ಪ್ರಯೋಜನವಿರಲಿಲ್ಲ. ಸತ್ತವರಲ್ಲಿ ಅವನ ಹೆಂಡತಿಯೂ ಇದ್ದಳು ಎಂಬ ಸುದ್ದಿ ಅಕ್ಕನಿಗೆ ತಲುಪಿದ್ದು ಮರುದಿನ, ದೋಣಿಯವನ ಬಾಯಿಂದ.

ನೀರಿಳಿದ ಮೇಲೆ ಸನ್ಮಾನಗಳಾದವು. ಒಂದೇ ಒಂದು ಸಂದೇಶವೂ ದಾರಿ ತಪ್ಪಲಿಲ್ಲ ಎಂದು ಸಾಹೇಬರು ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಿದರು. ಮಾತು ಸುಳ್ಳಲ್ಲ. ಹೆಸರು ಕೂಗಿದಾಗ ಕಂಟ್ರೋಲಕ್ಕ ವೇದಿಕೆ ಹತ್ತದೆ ಎದ್ದು, ನೇರ ತಮ್ಮನ ಮನೆಗೆ ನಡೆದಳು. ಅದುವರೆಗೆ ಅಲ್ಲಿಗೆ ಹೋಗಲು ಅವಳ ಕಾಲು ಎದ್ದಿರಲಿಲ್ಲ.

ತಮ್ಮ ಬಾಗಿಲು ತೆಗೆದ. ಬೈಯಲಿಲ್ಲ, ಕುರ್ಚಿ ಎಳೆದು ಹಾಕಿದ. ಅವನು ಬೈದಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು.

"ಆ ಒಂದು ಮಾತು ಅಂದುಬಿಡಬಾರದಿತ್ತೇನೋ?" ಎಂದಳು. "ತುರ್ತು ಅಂದಿದ್ರೆ ಆ ಹಾಳೇನ ಹರಿದು ಬಿಸಾಕ್ತಿದ್ದೆ."

"ಗೋಡೆ ಇನ್ನೂ ನಿಂತಿತ್ತಲ್ಲಕ್ಕ. ಯಾರ ಜೀವ ಹೋಗ್ತಿದೆ ಅಂತ ನೀನು ಕೇಳಿದ್ರೆ ಏನು ಹೇಳ್ಲಿ?" ಎಂದ. "ಆದ್ರೂ ಮತ್ತೆ ಕರೆಯೋಣ ಅಂತ ಮೈಕು ಎತ್ತಿದೆ. ಅವಳೇ ಕೈ ಹಿಡಿದ್ಲು. ಅಕ್ಕ ಕಾಯಿ ಅಂದಿದಾರೆ, ಸುಮ್ನಿರಿ, ಮರೆಯೋರಲ್ಲ ಅವರು, ಕರೀತಾರೆ ಅಂದ್ಲು. ಅಷ್ಟರಲ್ಲಿ ಒಳಗಿರೋ ಮುದುಕರನ್ನ ಎಬ್ಬಿಸ್ತೀನಿ ಅಂತ ಹಿಂದಿನ ಕೋಣೆಗೆ ಹೋದ್ಲು."