ಅರಕಲಗೂಡಿನಿಂದ ಕಾಣುತ್ತಿದ್ದ ಪರದೆ

2007ರಲ್ಲಿ ನಾನು ಹಾಸನದ ಒಂದು ಕಂಪ್ಯೂಟರ್ ಸೇಲ್ಸ್ ಅಂಡ್ ಸರ್ವಿಸ್ ಅಂಗಡಿಯಲ್ಲಿ ಹಿರಿಯ ಟೆಕ್ನಿಷಿಯನ್ ಆಗಿದ್ದೆ. ಹೆಂಗಸೊಬ್ಬಳು ಸ್ಕ್ರೂಡ್ರೈವರ್ ಹಿಡಿದು ಮನೆಗೆ ಬರುವುದನ್ನು ಕಂಡು ಮೊದಮೊದಲು ಮುಸಿಮುಸಿ ನಗುತ್ತಿದ್ದ ಗಿರಾಕಿಗಳೇ ಆಮೇಲೆ ಫೋನ್ ಮಾಡಿ, ಆ ಮೇಡಮ್ಮನ್ನೇ ಕಳಿಸಿ ಎನ್ನುವಷ್ಟು ವರ್ಷ ಆ ಕೆಲಸದಲ್ಲಿ ಕಳೆದಿದ್ದೆ. ವರ್ಷಕ್ಕೊಮ್ಮೆ ಹಣ ಕಟ್ಟಿ ರಿಪೇರಿಯ ಚಿಂತೆಯನ್ನು ನಮಗೆ ಬಿಟ್ಟುಬಿಡುವ ಒಪ್ಪಂದಕ್ಕೆ ಎಎಂಸಿ ಎನ್ನುತ್ತೇವೆ. ಅಂಥ ಮನೆಗಳಿಗೆ ಸರದಿಯಂತೆ ಹೋಗಬೇಕು. ಸೋಮವಾರ ಚನ್ನರಾಯಪಟ್ಟಣ, ಬುಧವಾರ ಹೊಳೆನರಸೀಪುರ, ಶುಕ್ರವಾರ ಅರಕಲಗೂಡು. ಬ್ಯಾಗಿನಲ್ಲಿ ಧೂಳು ಹೊಡೆಯುವ ಬ್ರಷ್ಷು, ಮದರ್‌ಬೋರ್ಡಿಗೆ ಹಾಕುವ ಬಿಲ್ಲೆ ಸೆಲ್ಲು, ಒಂದು ಹಳೆಯ ಮೌಸ್, ಎಲ್ಲದರ ಮೇಲೆ ಊಟದ ಡಬ್ಬಿ. ಎಷ್ಟೋ ಸಲ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ನೋಡಿದರೆ ಮಾನಿಟರಿನ ವೈರು ಸಡಿಲವಾಗಿರುತ್ತಿತ್ತು, ಅಷ್ಟೆ.

ಆ ಹೊತ್ತಿಗೆ ನಮ್ಮ ಕಡೆಯ ಮನೆಗಳಿಗೂ ಬ್ರಾಡ್‌ಬ್ಯಾಂಡ್ ಬರತೊಡಗಿತ್ತು. ಬಸ್ಸಿನ ಓಡಾಟ ಉಳಿಸಲು ರಿಮೋಟ್ ಡೆಸ್ಕ್‌ಟಾಪ್ ಸಾಫ್ಟ್‌ವೇರ್ ಹಾಕಬಹುದೆಂದು ನನಗೆ ಹೊಳೆಯಿತು. ಇದನ್ನು ಹಾಕಿದರೆ ಹೊಳೆನರಸೀಪುರದ ಕಂಪ್ಯೂಟರಿನ ಪರದೆ ಹಾಸನದಲ್ಲಿ ಕಾಣುತ್ತದೆ. ಇಲ್ಲಿ ಮೌಸ್ ಸರಿಸಿದರೆ ಅಲ್ಲಿನ ಬಾಣ ಸರಿಯುತ್ತದೆ. ಅಂಗಡಿಯ ಎರಡು ಕಂಪ್ಯೂಟರುಗಳ ನಡುವೆ ಮೂರು ಬಗೆಯವನ್ನು ಹಾಕಿ ನೋಡಿದೆ. ಒಂದರಲ್ಲಿ ನಾವು ಒಳಗೆ ಹೋದ ಕೂಡಲೇ ಆ ಕಡೆಯವರ ಪರದೆಗೆ ಬೀಗ ಬೀಳುತ್ತಿತ್ತು. ಹೀಗೆ ಮಾಡಿ ಹಾಗೆ ಮಾಡಿ ಎಂದು ಹೇಳಿಕೊಡಲು ಅದರಿಂದ ಪ್ರಯೋಜನವಿಲ್ಲ. ಇನ್ನೊಂದಕ್ಕೆ ಒಮ್ಮೆ ಪಾಸ್‌ವರ್ಡ್ ಕೊಟ್ಟುಬಿಟ್ಟರೆ ಮತ್ತೆ ಯಾರನ್ನೂ ಕೇಳಬೇಕಿಲ್ಲ, ಬೇಕೆಂದಾಗ ಹೋಗಿ ಬರಬಹುದು. ಪರದೆಯ ಮೂಲೆಯ ಗಡಿಯಾರದ ಪಕ್ಕ ಒಂದು ಚಿಕ್ಕ ಗುರುತು ಕಾಣುತ್ತದೆ, ಅದನ್ನೂ ಮರೆಮಾಡಲು ಬರುತ್ತದೆ. ಮೂರನೆಯದು ಪ್ರತಿ ಸಲವೂ ಆ ಕಡೆಯ ಪರದೆಯ ಮೇಲೆ ಹೊಸ ನಂಬರ್ ತೋರಿಸುತ್ತಿತ್ತು. ಅಲ್ಲಿರುವವರು ಅದನ್ನು ಫೋನಿನಲ್ಲಿ ಓದಿ ಹೇಳಿದರೆ ಮಾತ್ರ ನಮಗೆ ಪ್ರವೇಶ. ಸ್ವಲ್ಪ ನಿಧಾನ, ಆದರೂ ನಾನು ಅದನ್ನೇ ಆರಿಸಿದೆ.

ಈ ವಿಷಯ ಮೊದಲು ಕಿವಿಗೆ ಬಿದ್ದು ನನ್ನನ್ನು ಕೂರಿಸಿಕೊಂಡು ವಿಚಾರಿಸಿದವರು ರಾಜಶೇಖರಪ್ಪ. ಅರಕಲಗೂಡಿನಲ್ಲಿ ಅವರದು ಬಣ್ಣ ಮತ್ತು ಹಾರ್ಡ್‌ವೇರ್ ಅಂಗಡಿ, ಮನೆ ಹೊಳೆನರಸೀಪುರದಲ್ಲಿ. ಎರಡೂ ಕಡೆಯ ಕಂಪ್ಯೂಟರ್ ನಮ್ಮ ಎಎಂಸಿಯಲ್ಲಿದ್ದವು. ಮನೆಯಲ್ಲಿ ಹೆಂಡತಿ ಗಿರಿಜಮ್ಮ, ಸೊಸೆ ರೂಪಾ, ಆರು ವರ್ಷದ ಮೊಮ್ಮಗಳು. ಮಗ ಎರಡು ವರ್ಷದ ಹಿಂದೆ ಬೈಕ್ ಅಪಘಾತದಲ್ಲಿ ತೀರಿಕೊಂಡಿದ್ದ. ರೂಪಾ ಮನೆಯಲ್ಲೇ ಕುಳಿತು ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಮಾಡುತ್ತಿದ್ದಳು, ಅಂದರೆ ವೈದ್ಯರು ಹೇಳಿ ರೆಕಾರ್ಡ್ ಮಾಡಿದ್ದನ್ನು ಕೇಳಿ ಟೈಪ್ ಮಾಡುವ ಕೆಲಸ. ಫೈಲುಗಳು ಇಳಿಯುತ್ತಿರಬೇಕಾದ್ದರಿಂದ ಕಂಪ್ಯೂಟರ್ ಹಗಲೆಲ್ಲ ಆನ್ ಇರುತ್ತಿತ್ತು. ಅವಳು ಎದ್ದಾಗ ಮಾನಿಟರ್ ಮಾತ್ರ ಆರಿಸುತ್ತಿದ್ದಳು.

ನಾನು ಮೂರು ಬಗೆಯನ್ನೂ ವಿವರಿಸಿದೆ. ರಾಜಶೇಖರಪ್ಪ ಟೀ ತರಿಸಿ, ಸಾವಧಾನವಾಗಿ ಕೇಳಿಸಿಕೊಂಡು, ಒಂದೇ ಪ್ರಶ್ನೆ ಕೇಳಿದರು.

"ಮೇಡಮ್ನೋರೆ, ನಾನು ಇಲ್ಲಿಂದ ನೋಡ್ತಿದ್ರೆ ಅಲ್ಲಿ ಕುಂತೋರ್ಗೆ ಗೊತ್ತಾಗಬಾರ್ದು. ಅಂಥದ್ದು ಯಾವ್ದು?"

"ಯಾಕೆ ಗೊತ್ತಾಗಬಾರದು?"

"ಮನೆ ಯಜಮಾನ ಮನೆ ನೋಡಾಕೆ ಯಾರ್ನ ಕೇಳ್ಬೇಕು? ನಮ್ಮಪ್ಪ ಇದ್ದಾಗ ಮನೆಗೆ ಬಂದ ಕಾಗ್ದ ಯಾರ ಎಸ್ರಿಗೇ ಬರ್ಲಿ, ಮೊದ್ಲು ಅವ್ರೇ ಒಡ್ದು ಓದೋರು. ಆಮ್ಯಾಕೆ ನಮ್ ಕೈಗೆ. ಯಾರೂ ತಪ್ಪು ತಿಳ್ಕಂತಿರ್ಲಿಲ್ಲ."

ಹಾಗೆ ಮುಚ್ಚಿಟ್ಟು ನಾನು ಹಾಕಿಕೊಡುವುದಿಲ್ಲ, ಮನೆಯವರಿಗೆ ಹೇಳಿ ಮೂರನೆಯದನ್ನು ಹಾಕೋಣ ಎಂದೆ. ಅವರಿಗೆ ಸಿಟ್ಟು ಬರಲಿಲ್ಲ. "ಆಯ್ತು ಬುಡಿ, ಸುಮ್ನೆ ಕೇಳ್ದೆ" ಎಂದು ನಕ್ಕು, ಟೀ ಆರುತ್ತಿದೆ ಕುಡಿಯಿರಿ ಎಂದರು. ಅವರು ಅಷ್ಟು ಸುಲಭವಾಗಿ ಬಿಟ್ಟದ್ದು ನನಗೆ ಬಸ್ಸಿನಲ್ಲಿ ಹಾಸನ ಮುಟ್ಟುವವರೆಗೂ ಸರಿಹೋಗಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಅಂಗಡಿಗೆ ರೂಪಾ ಫೋನ್ ಮಾಡಿದಳು. ಹಿಂದೆ ಬಸ್ಸುಗಳ ಸದ್ದು ಕೇಳುತ್ತಿತ್ತು. ಮನೆಯಲ್ಲಿ ಫೋನಿದ್ದರೂ ಬಸ್‌ಸ್ಟ್ಯಾಂಡಿನ ಕಾಯಿನ್ ಬೂತಿನಿಂದ ಮಾಡಿದ್ದಳು.

"ಅಕ್ಕ, ನನ್ನ ಮೇಲ್‌ಗಳು ಕಾಣೆಯಾಗ್ತಿವೆ."

ಅವಳು ಹಾಸನದ ಖಾಸಗಿ ಆಸ್ಪತ್ರೆಗಳ ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕೆ ಅರ್ಜಿ ಹಾಕುತ್ತಿದ್ದಳು. ಕೆಲಸ ಸಿಕ್ಕರೆ ಮಗಳನ್ನು ಕರೆದುಕೊಂಡು ಹಾಸನದಲ್ಲೇ ಮನೆ ಮಾಡುವ ಯೋಚನೆ. ಎರಡು ಕಡೆಯಿಂದ ಸಂದರ್ಶನಕ್ಕೆ ಕರೆದಿದ್ದರು. ಕರೆದದ್ದು ಅವಳಿಗೆ ಗೊತ್ತಾದದ್ದು, ಯಾಕಮ್ಮ ಬರಲಿಲ್ಲ ಎಂದು ಅವರು ಆಮೇಲೆ ಕೇಳಿದಾಗ. ಈಗ ಮೂರನೆಯ ಕಡೆ ಅರ್ಜಿ ಹಾಕಿದ್ದಳು.

"ಅಷ್ಟೇ ಅಲ್ಲಕ್ಕ. ಹಾಸನಕ್ಕೆ ಹೋಗೋ ವಿಷ್ಯ ನಾನು ಯಾರ ಹತ್ರಾನೂ ಬಾಯ್ಬಿಟ್ಟಿಲ್ಲ, ಅತ್ತೆ ಹತ್ರಾನೂ ಇಲ್ಲ. ಮೊನ್ನೆ ಕಂಪ್ಯೂಟರಲ್ಲಿ ಬಾಡಿಗೆ ಮನೆ ಹುಡುಕ್ತಾ ಕೂತಿದ್ದೆ. ಅವತ್ತು ರಾತ್ರಿ ಊಟಕ್ಕೆ ಕೂತಾಗ ಮಾವ ತಲೆ ಎತ್ತದೇ ಕೇಳಿದ್ರು, ಹಾಸನದಲ್ಲಿ ಬಾಡಿಗೆ ಎಲ್ಲ ಬಾಳ ಜಾಸ್ತಿ ಆಗೈತಂತೆ, ಅಲ್ವೇನವ್ವ ಅಂತ."

ಅರಕಲಗೂಡಿನಲ್ಲಿ ರಾಜಶೇಖರಪ್ಪ ಕೇಳಿದ್ದ ಪ್ರಶ್ನೆ ನೆನಪಾಯಿತು. ಇನ್ನೇನೂ ಟೈಪ್ ಮಾಡಬೇಡ, ಆಯುಧಪೂಜೆಗೆ ಹೇಗೂ ತವರಿಗೆ ಹೊಳೆನರಸೀಪುರಕ್ಕೆ ಬರುತ್ತೇನೆ, ಅವತ್ತೇ ಮನೆಗೆ ಬಂದು ನೋಡುತ್ತೇನೆ ಎಂದೆ. ಹಬ್ಬಕ್ಕೆ ಎರಡೇ ದಿನವಿತ್ತು.

ಆಯುಧಪೂಜೆಯ ದಿನ ದುಡಿಯುವ ಸಾಮಾನನ್ನು ತೊಳೆದು ಒರೆಸಿ ಪೂಜೆ ಮಾಡುತ್ತಾರೆಯೇ ಹೊರತು ಅದರಿಂದ ಕೆಲಸ ತೆಗೆಯುವುದಿಲ್ಲ. ನಮ್ಮ ಅಂಗಡಿಯ ಪೂಜೆ ಬೆಳಗ್ಗೆ ಮುಗಿಸಿ ನಾನು ಅವರ ಮನೆ ಸೇರಿದಾಗ ಊಟದ ಹೊತ್ತು ಮೀರಿತ್ತು. ರಾಜಶೇಖರಪ್ಪ ಅಂಗಡಿಯ ಪೂಜೆಗೆಂದು ಅರಕಲಗೂಡಿಗೆ ಹೋಗಿದ್ದರು. ಈ ಮನೆಯಲ್ಲಿ ಗಿರಿಜಮ್ಮ ಮಾಡಿಕೊಂಡ ಒಂದು ಪದ್ಧತಿಯಿತ್ತು. ಕತ್ತಲಾದ ಪರದೆಗೆ ಆರತಿ ಎತ್ತಲು ಅವರಿಗೆ ಮನಸ್ಸಾಗುತ್ತಿರಲಿಲ್ಲ. ಮಾನಿಟರ್ ಆನ್ ಮಾಡಿಸಿ, ಪರದೆಯ ತುಂಬ ಸರಸ್ವತಿಯ ಚಿತ್ರ ಹಾಕಿಸಿ, ಕೀಬೋರ್ಡಿನ ಮುಂದೆ ತಟ್ಟೆ ಇಡುತ್ತಿದ್ದರು. ಗಂಡ ಅಂಗಡಿಗೆ ಹೋದ ಮೇಲೆ ನಡೆಯುವ ಪೂಜೆ ಅದು. ಯಜಮಾನರಿಗೆ ಇದರ ಸುಳಿವಿರಲಿಲ್ಲ.

"ಬಾವ್ವ ಸುಮಿತ್ರಾ, ಇದ್ರ ಡಾಕ್ಟ್ರೇ ಬಂದ್ರಲ್ಲ. ಮಂಗಳಾರತಿ ತಕ್ಕೊ" ಎಂದು ಗಿರಿಜಮ್ಮ ಮಣೆ ಹಾಕಿದರು. ಮೌಸಿಗೂ ಕುಂಕುಮ ಹಚ್ಚಿತ್ತು. ನಾನು, ಗಿರಿಜಮ್ಮ, ರೂಪಾ ಮೂವರೂ ಕೈಮುಗಿದು ನಿಂತಿದ್ದೆವು. ಮಗು ಪಕ್ಕದ ಮನೆಗೆ ಆಡಲು ಹೋಗಿತ್ತು.

ಬಾಣ ಅಲುಗಿತು.

ಸರಸ್ವತಿಯ ಪಾದದ ಹತ್ತಿರ ಇದ್ದದ್ದು ಮೆಲ್ಲಗೆ ಮೇಲೇರಿ, ವೀಣೆಯನ್ನು ದಾಟಿ, ಇಂಟರ್ನೆಟ್ಟಿನ ಗುರುತಿನ ಮೇಲೆ ಹೋಗಿ ನಿಂತಿತು. ಚಿತ್ರ ಮರೆಯಾಗಿ ರೂಪಾಳ ಮೇಲ್ ತೆರೆದುಕೊಂಡಿತು.

"ಕರೆಂಟ್ ಏನಾರ ಎಚ್ಚುಕಮ್ಮಿ ಆಯ್ತೇನವ್ವ?" ಎಂದರು ಗಿರಿಜಮ್ಮ.

ರೂಪಾ ಮೌಸ್ ಹಿಡಿಯಲು ಮುಂದೆ ಬಾಗಿದಳು. ಗಿರಿಜಮ್ಮ ಅವಳ ಮಣಿಕಟ್ಟು ಹಿಡಿದರು. "ಇವತ್ತು ಮುಟ್ಬಾರ್ದು ಕಣವ್ವ, ಪೂಜೆಗಿಟ್ಟಿರೋದು."

ಆ ಹೊತ್ತಿಗೆ ಒಂದು ಪತ್ರ ತೆರೆದುಕೊಂಡಿತ್ತು. ಹಾಸನದ ಆಸ್ಪತ್ರೆಯದು, ಸಂದರ್ಶನದ ಕರೆ. ಬಾಣ ಸಾಲಿನಿಂದ ಸಾಲಿಗೆ ಇಳಿಯುತ್ತಿತ್ತು, ಯಾರೋ ಬೆರಳಿಟ್ಟು ಓದುವ ಹಾಗೆ. ರೂಪಾಳೂ ಅದರ ಹಿಂದೆಯೇ ಓದಿದಳು, ತುಟಿ ಮಾತ್ರ ಅಲುಗುತ್ತಿತ್ತು.

"ಸುಮಿತ್ರಾ, ಯಾರು ಅದು?" ಗಿರಿಜಮ್ಮನ ದನಿ ತಗ್ಗಿತ್ತು.

"ಇನ್ನೊಂದು ಕಂಪ್ಯೂಟರಿನಿಂದ ಯಾರೋ ಇದನ್ನು ನಡೆಸುತ್ತಿದ್ದಾರೆ ಅಮ್ಮ. ಎಲ್ಲಿಂದ ಅಂತ ಬರೀ ಪರದೆ ನೋಡಿ ಹೇಳಕ್ಕಾಗಲ್ಲ."

ನನಗೆ ಅನುಮಾನವಿತ್ತು, ಆದರೆ ಹಬ್ಬದ ದಿನ ಹೆಂಡತಿಯ ಮುಂದೆ ಗಂಡನ ಹೆಸರು ಹೇಳಲು ಕೈಯಲ್ಲಿ ಪುರಾವೆ ಇರಲಿಲ್ಲ. ಗಿರಿಜಮ್ಮ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಆರತಿ ತಟ್ಟೆ ಕೆಳಗಿಟ್ಟು, ಗೋಡೆಯ ಪಕ್ಕದ ಫೋನಿಗೆ ಹೋಗಿ ಅರಕಲಗೂಡಿನ ಅಂಗಡಿಯ ನಂಬರ್ ಒತ್ತಿದರು. ಬಾಣ ಪತ್ರವನ್ನು ಅಳಿಸುವ ಗುಂಡಿಯ ಕಡೆ ಸರಿಯುತ್ತಿತ್ತು. ಆ ಕಡೆ ಫೋನ್ ಎತ್ತಿದರು. ಬಾಣ ಗುಂಡಿಯ ಮೇಲೆಯೇ ನಿಂತುಬಿಟ್ಟಿತು.

"ಏನ್ರೀ, ಪೂಜೆ ಆಯ್ತಾ?"

ರಾಜಶೇಖರಪ್ಪನವರ ಗಡಸು ದನಿ ನಮಗೂ ಕೇಳುತ್ತಿತ್ತು. "ಆಯ್ತು. ಯಾಕೆ?"

"ಏನಿಲ್ಲ. ಏನ್ ಮಾಡ್ತಿದ್ರಿ?"

"ಏನ್ ಮಾಡನ, ಸುಮ್ನೆ ಕುಂತಿವ್ನಿ. ಇವತ್ತು ಯಾವ್ದ್ನೂ ಮುಟ್ಟಂಗಿಲ್ವಲ್ಲ."

ರೂಪಾಳ ಕೈ ಮತ್ತೆ ಮುಂದೆ ಹೋಯಿತು. ಗಿರಿಜಮ್ಮ ಫೋನಿನಲ್ಲಿದ್ದಂತೆಯೇ ತಲೆಯಾಡಿಸಿ ಬೇಡವೆಂದರು. ಈ ಸಲ ಬೇಡವೆಂದದ್ದು ಪೂಜೆಗಾಗಿ ಅಲ್ಲ. ಕೋಸಂಬರಿಗೆ ಉಪ್ಪು ಹೆಚ್ಚಾಗಿದೆ, ಬರುವಾಗ ಬಾಳೆಹಣ್ಣು ತನ್ನಿ ಎಂದು ಅವರು ಮಾತು ಎಳೆದರು. ಅಷ್ಟೂ ಹೊತ್ತು ಪತ್ರ ತೆರೆದೇ ಇತ್ತು. ಗುರುವಾರ, ಬೆಳಗ್ಗೆ ಹನ್ನೊಂದು, ಮೂಲ ಅಂಕಪಟ್ಟಿ ತರಬೇಕು. ರೂಪಾ ಎಲ್ಲವನ್ನೂ ಓದಿ ಮುಗಿಸಿದಳು.

ಗಿರಿಜಮ್ಮ ಫೋನ್ ಇಟ್ಟರು. ಬಾಣಕ್ಕೆ ಮತ್ತೆ ಜೀವ ಬಂತು. ಗುಂಡಿ ಒತ್ತಿತು, ಪತ್ರ ಹೋಯಿತು. ಅಳಿಸಿದ್ದೆಲ್ಲ ಹೋಗಿ ಬೀಳುವ ಕಸದ ಬುಟ್ಟಿಯನ್ನೂ ಖಾಲಿ ಮಾಡಿ, ಮೇಲ್ ಮುಚ್ಚಿ, ಸರಸ್ವತಿಯ ಚಿತ್ರದ ಮೇಲೆ ಎಲ್ಲಿಂದ ಹೊರಟಿತ್ತೋ ಅಲ್ಲಿಗೇ ಬಂದು ನಿಂತಿತು. ಪೂಜೆಯ ದಿನ ಮನೆಯಲ್ಲಿ ಯಾರೂ ಕಂಪ್ಯೂಟರ್ ಹತ್ತಿರ ಸುಳಿಯುವುದಿಲ್ಲ, ಸರಸ್ವತಿಯ ಚಿತ್ರ ಹಬ್ಬಕ್ಕೆಂದು ಹಾಕಿಟ್ಟು ಹೋದದ್ದು, ಮಾನಿಟರ್ ಆರಿರುತ್ತದೆ ಎಂದು ಲೆಕ್ಕ ಹಾಕಿದ್ದ ಮನುಷ್ಯನಿಗೆ ಇಡೀ ಮನೆ ಅದರ ಮುಂದೆ ಕೈಮುಗಿದು ನಿಂತಿರುವುದು ತಿಳಿಯುವುದು ಹೇಗೆ?

"ಮಗಿನ ಕರ್ಕಂಡು ಓಗ್ಬುಡ್ತಾಳೆ ಅಂತ ಎದ್ರಿಕೆ ಅವ್ರಿಗೆ" ಎಂದರು ಗಿರಿಜಮ್ಮ, ಫೋನಿನ ಪಕ್ಕದಲ್ಲೇ ಕುಳಿತು. ಆರತಿ ತಟ್ಟೆಯನ್ನು ಹತ್ತಿರ ಎಳೆದುಕೊಳ್ಳುತ್ತ, "ನಂಗೂ ಎದ್ರಿಕೆ ಐತೆ. ನಾನು ಕದ್ದು ಓದ್ಲಿಲ್ಲ" ಎಂದರು. ರೂಪಾ ತಲೆ ತಗ್ಗಿಸಿದಳು.

ಒಳಗೆ ಅಡಗಿಸಿಟ್ಟ ಸಾಫ್ಟ್‌ವೇರನ್ನು ಈಗಲೇ ಹುಡುಕಿ ತೆಗೆಯಲೇ ಎಂದು ಕೇಳಿದೆ. ತೆಗೆದರೆ ಆ ಕಡೆ ಪರದೆ ಕಾಣುವುದು ನಿಲ್ಲುತ್ತದೆ, ನಮಗೆ ಗೊತ್ತಾಗಿದೆ ಎಂದು ಅವರಿಗೂ ಗೊತ್ತಾಗುತ್ತದೆ ಎನ್ನುವುದನ್ನೂ ಹೇಳಿದೆ. "ಅಂಗಾರೆ ಇರ್ಲಿ ಬುಡು, ಗುರ್ವಾರ ಕಳೀಲಿ" ಎಂದರು ಗಿರಿಜಮ್ಮ.

ನನ್ನ ಕೆಲಸದ ವರ್ಷಗಳಲ್ಲಿ ಆ ವಾರದಷ್ಟು ಕಳವಳದ ವಾರ ಇನ್ನೊಂದಿಲ್ಲ. ಆಸ್ಪತ್ರೆಯಿಂದ ಮತ್ತೊಂದು ಪತ್ರ ಬಂದರೆ? ಅದನ್ನು ಓದಿ ಅವರೇ ಆಸ್ಪತ್ರೆಗೆ ಫೋನ್ ಮಾಡಿಬಿಟ್ಟರೆ? ರೂಪಾ ಎಂದಿನಂತೆ ಕುಳಿತು ಟೈಪ್ ಮಾಡುತ್ತಿದ್ದಳು. ಮಾವ ನೋಡುತ್ತಿರಬಹುದು ಎಂದು ಗೊತ್ತಿದ್ದೂ ಟೈಪ್ ಮಾಡುವುದು ಹೇಗಿರುತ್ತದೆ ಎಂದು ಆಮೇಲೊಮ್ಮೆ ಹೇಳಿದಳು: "ಒಂದು ಅಕ್ಷರ ತಪ್ಪು ಒತ್ತಿದ್ರೂ ಹಿಂದಿನಿಂದ ಯಾರೋ ಉಸಿರು ಬಿಟ್ಟಂಗೆ ಆಗ್ತಿತ್ತಕ್ಕ." ರಾತ್ರಿ ಊಟಕ್ಕೆ ಬಡಿಸುವಾಗ ಅವರ ತಟ್ಟೆ ಬಿಟ್ಟು ಬೇರೆ ಕಡೆ ಕಣ್ಣೆತ್ತುತ್ತಿರಲಿಲ್ಲವಂತೆ.

ಗುರುವಾರ ಗಿರಿಜಮ್ಮ ಹಾಸನದಲ್ಲಿ ಕಣ್ಣು ತೋರಿಸಬೇಕೆಂದು ಹೇಳಿ ಸೊಸೆಯನ್ನು ಜೊತೆಗೆ ಕರೆದುಕೊಂಡು ಬಂದರು. ಸಂದರ್ಶನ ಮುಗಿಯುವವರೆಗೆ ಅಂಕಪಟ್ಟಿ ತಂದ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದರು. ಕೆಲಸದ ಆದೇಶವನ್ನು ರೂಪಾ ಮೇಲ್ ಮಾಡಬೇಡಿ ಎಂದು ಕೇಳಿಕೊಂಡು, ಮುಂದಿನ ವಾರ ತಾನೇ ಬಂದು ಕೈಯಲ್ಲಿ ತೆಗೆದುಕೊಂಡಳು. ಆದೇಶ ಬಂದ ಮಾರನೆಯ ದಿನ ನಾನು ಮನೆಗೆ ಹೋಗಿ ಹುಡುಕಿದೆ. ನಾನು ಹಾಕುವುದಿಲ್ಲ ಎಂದಿದ್ದ ಎರಡನೆಯ ಬಗೆಯದೇ. ಗುರುತು ಮರೆಮಾಡಿ, ಪ್ರಿಂಟರಿನ ಫೈಲುಗಳ ನಡುವೆ ಬೇರೆ ಹೆಸರಿನಲ್ಲಿ ಕೂರಿಸಿದ್ದರು. ಆಮೇಲೆ ತಿಳಿದದ್ದು, ಅಂಗಡಿಯ ಬಿಲ್ಲಿಂಗ್ ಸರಿಮಾಡಲು ಹೊರಗಿನಿಂದ ಬಂದವನೊಬ್ಬನನ್ನು ರಾಜಶೇಖರಪ್ಪ ಒಂದು ಭಾನುವಾರ ಹೆಂಗಸರು ಮದುವೆಗೆ ಹೋಗಿದ್ದಾಗ ಮನೆಗೆ ಕರೆತಂದಿದ್ದರಂತೆ. ಅದನ್ನು ಬೇರುಸಹಿತ ತೆಗೆದು, ರೂಪಾಳಿಂದ ಎಲ್ಲ ಪಾಸ್‌ವರ್ಡ್ ಬದಲಿ ಮಾಡಿಸಿದೆ. ಅತ್ತೆ ಸೊಸೆ ಇಬ್ಬರನ್ನೂ ಕೇಳಿಕೊಂಡು, ನಂಬರ್ ತೋರಿಸುವ ಮೂರನೆಯ ಬಗೆಯದನ್ನು ಹಾಕಿದೆ.

ಶುಕ್ರವಾರ ಅರಕಲಗೂಡಿಗೆ ಹೋದಾಗ ರಾಜಶೇಖರಪ್ಪ ನನ್ನನ್ನೇ ಕಾಯುತ್ತಿದ್ದರು.

"ಮೇಡಮ್ನೋರೆ, ಮನೆ ಕಂಪ್ಯೂಟರ್ ಏನೋ ಕಾಣ್ತಿಲ್ಲ."

"ಕಾಣುತ್ತೆ ಸರ್. ಆದರೆ ಈಗ ಮನೆಯವರು ನಂಬರ್ ಹೇಳಬೇಕು. ಫೋನ್ ಮಾಡಿ ಕೇಳಿ."

ನಾನು ಬ್ರಷ್ ತೆಗೆದು ಕೀಬೋರ್ಡಿನ ಧೂಳು ಹೊಡೆಯತೊಡಗಿದೆ. ಕೊನೆಗೆ ಅವರು ರಿಸೀವರ್ ಎತ್ತಿ, "ಗಿರ್ಜಾ, ಆ ಪರದೆ ಮೇಲೊಂದು ನಂಬರ್ ಐತಂತೆ, ಯೋಳು" ಎಂದರು.

ಗಿರಿಜಮ್ಮ ದನಿ ಏರಿಸಲಿಲ್ಲ. ಒಂದೊಂದು ಮಾತೂ ನಾನಿದ್ದಲ್ಲಿಗೆ ಕೇಳಿಸಿತು. "ಯಾತಕ್ಕೆ ಬೇಕು ಅಂತ ಮೊದ್ಲು ಯೋಳಿ. ರೂಪನ ಕೆಲ್ಸದ ಕಾಗ್ದ ಅಳ್ಸಾಕೆ ಆದ್ರೆ, ಅದು ಕೈಗೇ ಬಂದೈತೆ. ಒಂದ್ನೇ ತಾರೀಕಿಂದ ಓಗ್ತಾಳೆ. ಮಗಾನೂ ಕರ್ಕಂಡು ಓಗ್ತಾಳೆ. ಶನಿವಾರ ಶನಿವಾರ ಬಾ ಅಂತ ನಾನು ಕೇಳ್ಕಂಡಿವ್ನಿ, ನೀವು ಕೇಳಂಗಿದ್ರೆ ನೀವೂ ಕೇಳಿ."

ಆ ಕಡೆ ಫೋನ್ ಇಟ್ಟ ಸದ್ದು ಕೇಳಿದ ಮೇಲೂ ರಾಜಶೇಖರಪ್ಪ ರಿಸೀವರನ್ನು ಕಿವಿಯಿಂದ ತೆಗೆಯಲಿಲ್ಲ. ಆಮೇಲೆ, "ಬ್ಯಾಡ ಬುಡಿ ಮೇಡಂ, ತೆಗ್ದಾಕಿ" ಎಂದರು. ಆ ವರ್ಷದ ಕೊನೆಗೆ ಎರಡೂ ಕಡೆಯ ಎಎಂಸಿ ನಿಲ್ಲಿಸಿದರು. ಸೊಸೆಯನ್ನು ಅವರು ಏನಾದರೂ ಕೇಳಿದರೋ ಇಲ್ಲವೋ ನನಗೆ ತಿಳಿಯದು. ಶನಿವಾರದ ಸಂಜೆ ಹೊಳೆನರಸೀಪುರದ ಬಸ್ಸಿಗೆ ಮಗುವಿನ ಕೈಹಿಡಿದು ನಿಂತಿರುತ್ತಿದ್ದ ರೂಪಾಳನ್ನು ಮಾತ್ರ ಆಗಾಗ ಕಾಣುತ್ತಿದ್ದೆ.

ಮನೆಯ ಕಂಪ್ಯೂಟರಿಗೆ ಇಂಥ ಸಾಫ್ಟ್‌ವೇರುಗಳಲ್ಲಿ ಯಾವುದು ಒಳ್ಳೆಯದು ಎಂದು ಆಮೇಲೆ ಅನೇಕರು ಕೇಳಿದ್ದಾರೆ. ವೇಗ, ಬೆಲೆ, ಚಿತ್ರದ ಸ್ಪಷ್ಟತೆ ಎಲ್ಲವೂ ಆಮೇಲಿನ ಮಾತು. ನೋಡುವವರು ಬಾಗಿಲು ತಟ್ಟಿ ಬರುತ್ತಾರೆಯೇ, ಪರದೆಯ ಮುಂದೆ ಕುಳಿತವರು ಬೇಡ ಎಂದರೆ ಹೊರಗೆ ನಿಲ್ಲುತ್ತಾರೆಯೇ ಎಂಬುದನ್ನು ಮೊದಲು ನೋಡಿ ಎನ್ನುತ್ತೇನೆ. ಈ ಪಾಠವನ್ನು ನನಗೆ ಯಾವ ಕೋರ್ಸಿನಲ್ಲೂ ಹೇಳಿಕೊಟ್ಟಿರಲಿಲ್ಲ. ಅಲ್ಲಿಂದಾಚೆಗೆ ಯಾವ ಮನೆಗೆ ಹೋದರೂ ಕಂಪ್ಯೂಟರಿನಲ್ಲಿ ಅಡಗಿ ಕೂತದ್ದೇನಾದರೂ ಇದೆಯೇ ಎಂದು ಹುಡುಕುವುದು ರೂಢಿಯಾಯಿತು. ಚನ್ನರಾಯಪಟ್ಟಣದ ಒಂದು ಮನೆಯಲ್ಲಿ ಸಿಕ್ಕಿತು, ಮಾನಿಟರಿನ ಮೇಲಿದ್ದ ಕ್ಯಾಮೆರಾದಿಂದ ರೂಮನ್ನೂ ತೋರಿಸುವಂಥದ್ದು. ಆ ಮನೆಯಾಕೆಯನ್ನು ಕರೆದು ತೋರಿಸಿದೆ. ಆಕೆ ಬೆಚ್ಚಿಬೀಳಲಿಲ್ಲ. "ಈ ರೂಮಿಗೆ ಬರುವಾಗೆಲ್ಲ ಸೆರಗು ಸರಿಮಾಡ್ಕೊಂಡೇ ಬರ್ತಿದ್ದೆ. ಯಾಕೆ ಅಂತ ನನಗೇ ಗೊತ್ತಿರ್ಲಿಲ್ಲ" ಎಂದರು.