ಮೂರು ಚುಕ್ಕೆಯ ತೋಟಾ

ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಹಳೆ ಹಿತ್ತಾಳೆ ಸಾಮಾನು ಮಾರುವ ಖುರ್ಷೀದಾಗೆ ಗಿರಾಕಿಗಳೆಂದರೆ ಅಷ್ಟಕ್ಕಷ್ಟೆ. ಅದರಲ್ಲೂ ಫಿರಂಗಿ ತೋಟಾ ಹುಡುಕಿಕೊಂಡು ಬರುವವರನ್ನು ಕಂಡರೆ ಅವಳ ಮೂಗು ತಾನಾಗಿ ಮುರಿಯುತ್ತಿತ್ತು. ತೋಟಾ ಎಂದರೆ ಗುಂಡು ಹಾರಿಹೋದ ಮೇಲೆ ಉಳಿಯುವ ಹಿತ್ತಾಳೆ ಕೊಳವೆ. ಮಾಡಿದವರು ಯಾರು, ಯಾವ ವರ್ಷದ್ದು ಎಂಬುದೆಲ್ಲ ಅದರ ತಳದಲ್ಲೇ ಒತ್ತಿರುತ್ತದೆ. ಬಂದವರು ಮಾತ್ರ ಮೈ ಸವರಿ, ಬಾಯೊಳಗೆ ಇಣುಕಿ, ಕಥೆ ಕೇಳುತ್ತಾರೆ. ಇಂದಿರಾನಗರದ ಹೋಟೆಲಿನವನೊಬ್ಬ ಟಿಪ್ಪು ಕಾಲದ್ದು ಇದೆಯಾ ಎಂದಿದ್ದ. ಇನ್ನೊಬ್ಬಳು ತಳಕ್ಕೆ ಆಸಿಡ್ ಹಾಕಿ ತಿಕ್ಕಿಸಿ, ಅಕ್ಷರವನ್ನೆಲ್ಲ ಅಳಿಸಿ ತಂದು, ಇದು ಯಾವ ದೇಶದ್ದು ಹೇಳಿ ಎಂದಿದ್ದಳು. ಇನ್ನು ಇದು ತೂಕಕ್ಕೆ ಹಾಕುವ ಹಿತ್ತಾಳೆ ಎಂದು ಖುರ್ಷೀದಾ ವಾಪಸು ಕೊಟ್ಟಿದ್ದಳು.

ಈ ವಿದ್ಯೆಯೂ ಈ ತಾತ್ಸಾರವೂ ಅವಳಿಗೆ ಅಬ್ಬಾನಿಂದಲೇ ಬಂದವು. ಅಬ್ಬಾ ತಾವು ಮಾರಿದ ಪ್ರತಿ ಸಾಮಾನಿನ ಅಂಚಿಗೆ ಚೂಪು ಉಳಿಯಿಂದ ಮೂರು ಚುಕ್ಕೆ ಹೊಡೆಯುತ್ತಿದ್ದರು. ಒಳ್ಳೆಯದನ್ನು ಒಯ್ದು, ಬೇರೆಲ್ಲೋ ಕೊಂಡ ಸೊಟ್ಟದ್ದನ್ನು ತಂದು ದುಡ್ಡು ವಾಪಸು ಕೇಳುವ ಮರ್ಯಾದಸ್ಥರಿಗೆಂದೇ ಆ ಚುಕ್ಕೆ. ಗಂಡ ತೀರಿಕೊಂಡ ಮೇಲೆ ಕೆ.ಆರ್. ಪುರದಿಂದ ಅಂಗಡಿಗೆ ಮರಳಿದ ಖುರ್ಷೀದಾ, ಬೀಗದ ಕೈ ಜೊತೆಗೆ ಆ ಉಳಿಯನ್ನೂ ಕೈಗೆ ತೆಗೆದುಕೊಂಡಿದ್ದಳು.

ಅಂಗಡಿಯ ಕಟ್ಟಡ ಹಲಸೂರಿನ ಸಂಜೀವಪ್ಪನದು. ಬಾಡಿಗೆ ಕರಾರು ಮುಗಿಯುತ್ತ ಬಂದಿತ್ತು. ಜಾಗ ಮೊಬೈಲ್ ಅಂಗಡಿಯವನಿಗೆ ಹೋಗುತ್ತದೆಂದು ಗಲ್ಲಿಯಲ್ಲಿ ಮಾತಿತ್ತು. ಅದು ಹೋದರೆ ಮಗಳ ಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಕೂರುವುದೊಂದೇ ಅವಳಿಗೆ ಉಳಿದ ದಾರಿ.

ಇಂಥ ಹೊತ್ತಿನಲ್ಲಿ ಸಂಜೀವಪ್ಪನ ಸೋದರಳಿಯ, ಜೋಗುಪಾಳ್ಯದ ಮಧುಕರ್, ಇಬ್ಬರು ಹಿಂಬಾಲಕರೊಂದಿಗೆ ಬಂದ. ಮೊಣಕಾಲಿಗಿಂತ ಎತ್ತರದ ತೋಟಾವನ್ನು ರೇಷ್ಮೆ ಶಾಲಿನಲ್ಲಿ ಸುತ್ತಿ, ಮದುಮಗಳನ್ನು ಇಳಿಸುವಂತೆ ಕಾರಿನಿಂದ ಇಳಿಸಿದರು. ಅವನ ತಂದೆ ಕಡೆಯ ತಾತ ಮುನಿಕೃಷ್ಣಪ್ಪ ಅದನ್ನು ಬರ್ಮಾ ಯುದ್ಧದಿಂದ ತಂದರಂತೆ. ಮೈಮೇಲಿನ ನಾಲ್ಕು ತೂತು ಶತ್ರುವಿನ ಗುಂಡಿನವಂತೆ. ಅಡ್ಡರಸ್ತೆಗೆ ತಾತನ ಹೆಸರಿಡುವ ಸಮಾರಂಭ ಭಾನುವಾರ ಇತ್ತು. ಫ್ಲೆಕ್ಸ್ ಆಗಲೇ ಕಟ್ಟಿಯಾಗಿತ್ತು. ಅದರಲ್ಲಿ ತಾತ ಅಂಚೆಚೀಟಿಯಷ್ಟು, ಮೊಮ್ಮಗ ಆಳೆತ್ತರ. ಖುರ್ಷೀದಾ ಮೈಕಿನ ಮುಂದೆ ನಿಂತು ಇದು ಯುದ್ಧ ಕಂಡ ತೋಟಾ ಎಂದು ಹೇಳಬೇಕು, ಕರಾರಿನ ಮಾತನ್ನು ಮಾವ ಆಮೇಲೆ ಆಡುತ್ತಾರೆ ಎಂದ ಮಧುಕರ್.

ಖುರ್ಷೀದಾ ತೋಟಾವನ್ನು ಮಗುಚಿದಳು. ಬ್ರಿಟಿಷ್ ಸರ್ಕಾರದ ಬಾಣದ ಗುರುತು, ಕಾರ್ಖಾನೆಯ ಅಕ್ಷರ, ೧೯೪೨. ವರ್ಷ ಕೇಳಿ ಮಧುಕರನ ಮುಖ ಅರಳಿತು.

"ಕಾಲ ಸರಿಯಾಗಿದೆ. ಯುದ್ಧ ಮಾತ್ರ ಇದು ನೋಡಿಲ್ಲ" ಎಂದಳು ಅವಳು. ತಳದ ನಡುವಿನ ಬಿಲ್ಲೆಯ ಮೇಲೆ ಗುಂಡು ಹಾರಿಸುವಾಗ ಫಿರಂಗಿಯ ಮೊಳೆ ಬಡಿದು ಬೀಳುವ ಗುಳಿ ಇರಲಿಲ್ಲ. ಎಂದೂ ಹಾರದ ತೋಟಾ. ಆಮೇಲೆ ತೂತುಗಳ ಮೇಲೆ ಬೆರಳಾಡಿಸಿದಳು. ನಾಲ್ಕೂ ಒಂದೇ ಅಳತೆ, ಒಂದೇ ಅಂತರ. "ಶತ್ರು ಸ್ಕೇಲ್ ಇಟ್ಕೊಂಡು ಹೊಡ್ದಿದ್ದಾನೆ ನೋಡು."

ಹೊಸ ಸಿಪಾಯಿಗಳು ಫಿರಂಗಿ ತುಂಬಲು ಕಲಿಯುವ ಅಭ್ಯಾಸದ ತೋಟಾ ಅದು. ನಿಜವಾದದ್ದರ ಜೊತೆ ಬೆರೆಯದಿರಲೆಂದು ತೂತು ಕೊರೆದಿರುತ್ತಾರೆ. ಅದನ್ನು ವಿವರಿಸುತ್ತಿದ್ದ ಖುರ್ಷೀದಾಳ ಬೆರಳು ತಳದಂಚಿನಲ್ಲಿ ನಿಂತಿತು. ಸೆರಗಿನಿಂದ ಒರೆಸಿ ನೋಡಿದಳು. ಮೂರು ಚುಕ್ಕೆ.

"ನಿಮ್ ತಾತ ಇದನ್ನ ಬರ್ಮಾದಿಂದ ತಂದಿಲ್ಲ ತಮ್ಮಾ. ಇದೇ ಗಲ್ಲೀಲಿ, ನಮ್ ಅಬ್ಬಾ ಹತ್ರ ಕೊಂಡ್ಕೊಂಡಿದ್ದಾರೆ. ಛತ್ರಿ ಇಡೋಕೆ ಇರ್ಬೇಕು."

ಹಿಂಬಾಲಕರಲ್ಲೊಬ್ಬ ನಕ್ಕುಬಿಟ್ಟ. ಮಧುಕರ್ ಅವನನ್ನು ದುರುಗುಟ್ಟಿ ನೋಡಿ ಇವಳ ಕಡೆ ತಿರುಗಿದ. "ಆಪಾ, ಅಂಗಡಿ ಬೇಕೋ ಬೇಡ್ವೋ?"

ಎದುರಿಗಿದ್ದ ಮುಖ ನೋಡುತ್ತ ಖುರ್ಷೀದಾಗೆ ಹೆದರಿಕೆಗಿಂತ ಅಸಹ್ಯವೇ ಮೇಲಾಯಿತು. "ಬೇಕು. ಆದ್ರೆ ಮೈಕಲ್ಲಿ ಸುಳ್ಳು ಹೇಳಿದ್ಮೇಲೆ ಇಲ್ಲಿ ಕೂತು ಏನ್ ಮಾರ್ಲಿ? ನಿಮ್ ಮಾವನಿಗೂ ಹೇಳು, ಅಬ್ಬಾ ಮಾರಿದ್ದರ ಮೇಲೆಲ್ಲ ಈ ಚುಕ್ಕೆ ಇದೆ ಅಂತ."

ಮಾರನೇ ದಿನ ಸಂಜೀವಪ್ಪನೇ ಬಂದ. ಖಾಲಿ ಮಾಡಿಸಲು ಬಂದನೆಂದು ಅವಳು ಸೆರಗು ಬಿಗಿದು ನಿಂತಳು. ಅವನು ಅವಳ ಮಂಡಿನೋವು ವಿಚಾರಿಸಿದ, ಮಾರುಕಟ್ಟೆಯ ಧೂಳನ್ನು ಬೈದ. ಕೊನೆಗೆ ದನಿ ತಗ್ಗಿಸಿದ.

"ಆ ಚುಕ್ಕೆ... ನಿಮ್ಮ ತಂದೆ ಎಲ್ಲದಕ್ಕೂ ಹೊಡೀತಿದ್ರಾ?"

"ಎಲ್ಲದಕ್ಕೂ ಅಣ್ಣ."

"ದುರ್ಬೀನಿಗೂ?"

ಸಂಜೀವಪ್ಪನ ಮನೆಯ ಷೋಕೇಸಿನಲ್ಲಿ ಹಿತ್ತಾಳೆಯ ದುರ್ಬೀನೊಂದಿತ್ತು. ತನ್ನ ತಂದೆಗೆ ದೊರೆಯೊಬ್ಬ ಮೆಚ್ಚಿ ಕೊಟ್ಟದ್ದೆಂದು ಅವಳು ಬಾಡಿಗೆ ಕೊಡಲು ಹೋದಾಗಲೆಲ್ಲ ಅವನು ತೋರಿಸುತ್ತಿದ್ದ. ಈ ಕ್ಷಣದವರೆಗೆ ಖುರ್ಷೀದಾ ಅದನ್ನು ನಂಬಿದ್ದಳು.

"ದುರ್ಬೀನಿಗೂ" ಎಂದಳು.

ಅವನು ಚಹಾ ಕುಡಿಯಲಿಲ್ಲ. ಜೇಬಿನಿಂದ ಕರಾರು ತೆಗೆದು ತಕ್ಕಡಿಯ ಪಕ್ಕದಲ್ಲೇ ರುಜು ಹಾಕಿ, ಮಧು ಇನ್ನೂ ಹುಡುಗ, ಬುದ್ಧಿ ಸಾಲದು ಎಂದು ಗೊಣಗುತ್ತ ಹೋದ. ಅಳಿಯನಿಗಾಗಿ ಒಂದು ಮಾತಾದರೂ ಜಗಳವಾಡಬಹುದಿತ್ತು ಎಂದುಕೊಂಡಳು ಖುರ್ಷೀದಾ. ಅಷ್ಟೂ ಇರಲಿಲ್ಲ ಆ ಮನುಷ್ಯನಲ್ಲಿ.

ಭಾನುವಾರ ಫ್ಲೆಕ್ಸಿನ ‘ವೀರಯೋಧ’ದ ಮೇಲೆ ಕಾಗದ ಅಂಟಿಸಿ ‘ಹಿರಿಯ ಸಮಾಜಸೇವಕ’ ಎಂದು ಬರೆದಿದ್ದರು. ಸೋಮವಾರ ತೋಟಾ ಹಳೆ ಪತ್ರಿಕೆಯಲ್ಲಿ ಸುತ್ತಿಕೊಂಡು ಅಂಗಡಿಗೆ ಬಂತು, ತೂಕಕ್ಕೆ. ಖುರ್ಷೀದಾ ಕೊಂಡು ಬಾಗಿಲ ಪಕ್ಕ ನಿಲ್ಲಿಸಿದಳು.

ವಾರ ಕಳೆಯುವುದರೊಳಗೆ ಇಂದಿರಾನಗರದ ಆ ಹೋಟೆಲಿನವನೇ ಬಂದು ತೂತುಗಳೊಳಗೆ ಬೆರಳು ತೂರಿಸಿ, ಯುದ್ಧದಲ್ಲಿ ಬಿದ್ದವಾ ಎಂದು ಕೇಳಿದ. ಅಲ್ಲ, ಅಭ್ಯಾಸದ ತೋಟಾ ಎಂದಳು. ಅವನು ಅಷ್ಟರಲ್ಲಿ ಫೋಟೋ ತೆಗೆದು, ಬುಲೆಟ್ ಬಿದ್ದಿರೋದು ಸಿಕ್ತು ಮಗಾ ಎಂದು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ.

ಖುರ್ಷೀದಾ ಉಳಿ ತೆಗೆದುಕೊಂಡು, ತೋಟಾವನ್ನು ಮಗುಚಿ ಹಿಡಿದು, ಅಬ್ಬಾನ ಮೂರು ಚುಕ್ಕೆಗಳ ಪಕ್ಕದಲ್ಲಿ ಇನ್ನೂ ಮೂರು ಹೊಡೆದಳು.